ಅಕ್ಕ ಡ್ರಮ್ಮು ಬಾರಿಸಿದ ಶನಿವಾರ

ನಮ್ಮೂರಿನ ಮದುವೆಗಳಲ್ಲಿ ಡೋಲು ಇರುವುದಿಲ್ಲ. ನಾಗಸ್ವರದವರು ಬಂದು ಊದಿ ಹೋಗುತ್ತಾರೆ. ತಾಳಿ ಕಟ್ಟುವ ಹೊತ್ತಿಗೆ ನೆಂಟರೆಲ್ಲ ಚಪ್ಪಾಳೆ ತಟ್ಟುತ್ತಾರೆ, ಅದನ್ನೂ ಒಬ್ಬರದಕ್ಕೆ ಇನ್ನೊಬ್ಬರದು ಕೂಡದ ಹಾಗೆ ಚದುರಿಸಿ ತಟ್ಟುತ್ತಾರೆ. ಶಾಲೆಯ ಕವಾಯತು ಪೀಪಿಯ ಮೇಲೆಯೇ ನಡೆಯುತ್ತದೆ. ಒಮ್ಮೆ ಪರವೂರಿನ ಆಟಿಕೆಯವನೊಬ್ಬ ಪೇಟೆ ಬೀದಿಗೆ ಬಂದು, ತೊಗಲು ಬಿಗಿದ ಪುಟ್ಟ ಡ್ರಮ್ಮೊಂದನ್ನು ಬಡಬಡನೆ ಬಾರಿಸಿ ತೋರಿಸಿದ. ಬೀದಿಯ ಎರಡು ಕಡೆಯ ಅಂಗಡಿಯವರೂ ಎದೆ ಹಿಡಿದುಕೊಂಡು ಇದ್ದಲ್ಲಿಯೇ ಕುಸಿದು ಕುಳಿತರು. ಪಾಪ, ಅವನಿಗೇನು ಗೊತ್ತು. ಬಾಳೆಹಣ್ಣು ಮಾರುವ ಮುದುಕಿಯೊಬ್ಬಳು ತೆವಳಿಕೊಂಡೇ ಅವನ ಬಳಿ ಹೋಗಿ, ನಿಲ್ಲಿಸಬೇಡಪ್ಪ, ಮೆಲ್ಲಗೆ ಮಾಡು, ಇನ್ನೂ ಮೆಲ್ಲಗೆ ಎಂದು ಕೈಸನ್ನೆಯಲ್ಲೇ ಹೇಳಿಕೊಟ್ಟು ಬೀದಿಯನ್ನು ಉಳಿಸಿದಳಂತೆ. ಅಜ್ಜಿ ಈ ಕಥೆ ಹೇಳುವಾಗ ಆ ಮುದುಕಿಯ ಜಾಗದಲ್ಲಿ ಒಂದೊಂದು ಸಲ ತಾನೇ ಇರುತ್ತಿದ್ದಳು.

ಡ್ರಮ್ಮಿಗೆ ಊರಿನಲ್ಲಿರುವುದು ಒಂದೇ ಜಾಗ. ಗೂಡ್ಸ್ ಶೆಡ್ಡಿನ ಹಿಂದಿರುವ, ಮುಚ್ಚಿಹೋದ ಐಸ್ ಫ್ಯಾಕ್ಟರಿ. ಅದರ ಗೋಡೆ ಎರಡು ಮೊಳ ದಪ್ಪ, ಒಳಗೆಲ್ಲ ಮರದ ಹೊಟ್ಟು ತುಂಬಿದ್ದಾರೆ. ಬಾಗಿಲು ಹಾಕಿದರೆ ಒಳಗೆ ಗುಡುಗು ಬಿದ್ದರೂ ಹೊರಗೆ ಮಲಗಿದ ನಾಯಿ ಕಿವಿ ನಿಮಿರಿಸುವುದಿಲ್ಲ. ಲೂರ್ದಮ್ಮ ಅದನ್ನು ಗುತ್ತಿಗೆಗೆ ಹಿಡಿದು ಕ್ಲಬ್ಬು ಮಾಡಿದ್ದಾಳೆ. ಪ್ರತಿ ಶನಿವಾರ ಸಂಜೆ ಮೂರು ರಾಕ್ ಬ್ಯಾಂಡುಗಳು, ಇನ್ನೂರು ಜನ. ಡ್ರಮ್ಮು ಶುರುವಾಯಿತೆಂದರೆ ಆ ಇನ್ನೂರು ಎದೆಗಳೂ ಬಾರಿಸುವವರ ಕೈಗೆ ಹೋಗಿಬಿಡುತ್ತವೆ. ಅದು ಓಡಿದರೆ ಓಡುತ್ತವೆ, ನಿಧಾನಿಸಿದರೆ ನಿಧಾನಿಸುತ್ತವೆ. ಬಾರಿಸುವವರ ಎದೆ ಮಾತ್ರ ಅವರದೇ ಆಗಿ ಉಳಿಯುತ್ತದೆ. ಹಾಡು ಮುಗಿಯಿತೆಂದು ಅವರು ತಟ್ಟನೆ ಎದ್ದು ಹೋಗುವಂತಿಲ್ಲ, ಇಳಿಸಬೇಕು. ಓಟದಿಂದ ನಡಿಗೆಗೆ, ನಡಿಗೆಯಿಂದ ಇನ್ನೂ ಮೆಲ್ಲಗೆ, ಬೆಕ್ಕಿನ ಹೆಜ್ಜೆಯಷ್ಟು ಮೆಲ್ಲಗೆ ಇಳಿಸಿ, ಕಡೆಯಲ್ಲಿ ಬೇಕೆಂದೇ ಒಂದು ಪೆಟ್ಟನ್ನು ಹಾಕದೆ ಬಿಡುತ್ತಾರೆ. ಆ ಖಾಲಿ ಜಾಗದಲ್ಲಿ ಪ್ರತಿಯೊಬ್ಬರ ಎದೆಯೂ ತನ್ನ ಪೆಟ್ಟನ್ನು ತಾನೇ ಹಾಕಿಕೊಳ್ಳುತ್ತದೆ. ಅಲ್ಲಿಗೆ ವಾಪಸು ಬಂದ ಹಾಗೆ. ಆಮೇಲೆ ದೀಪ ಹಾಕುತ್ತಾರೆ, ಪಕ್ಕದವರು ಪಕ್ಕದವರನ್ನು "ಬಂತಾ?" ಎಂದು ಕೇಳುತ್ತಾರೆ, "ಬಂತು" ಎಂದ ಮೇಲೆ ಸಾಲಿನ ಕೊನೆಯವರು ಕೈ ಎತ್ತುತ್ತಾರೆ. ಎಲ್ಲ ಸಾಲಿನ ಕೈ ಎದ್ದ ಮೇಲೆಯೇ ಲೂರ್ದಮ್ಮ ಬಾಗಿಲಿನ ಅಗಳಿಗೆ ಕೈ ಹಾಕುವುದು. ಒಂದು ಎದೆ ಹೊರಗಿರುವಾಗ ಬಾಗಿಲು ತೆಗೆದರೆ ಮತ್ತೆ ಅದು ಯಾರ ಕೈಗೂ ಸಿಗುವುದಿಲ್ಲ. ರೈಲ್ವೆ ಗೇಟಿನ ಪರಮೇಶಿ ಕೊನೆಯ ಬಸ್ಸು ತಪ್ಪುತ್ತದೆಂದು, ಬಾರದಿದ್ದರೂ ಬಂತು ಎಂದುಬಿಟ್ಟಿದ್ದ. ಅವನ ಎದೆ ಮೂರು ದಿನ ಓಡಿತು. ಊಟ ಮಾಡುವಾಗಲೂ, ಮಲಗಿದಾಗಲೂ ಓಡಿತು. ನಾಲ್ಕನೆಯ ದಿನ ಮಧ್ಯಾಹ್ನ ಕ್ಷೌರದಂಗಡಿಯ ಕುರ್ಚಿಯಲ್ಲಿ, ಒಂದೇ ಕೆನ್ನೆಯ ಗಡ್ಡ ತೆಗೆದಾಗಿದ್ದಾಗ ನಿಂತಿತು.

ಇಷ್ಟಾದರೂ ಜನ ಹೋಗುತ್ತಾರೆ. ಯಾಕೆ ಹೋಗುತ್ತೀರಿ ಎಂದು ಹಾಲಿನ ಬೂತಿನ ಹೆಂಗಸನ್ನು ನಾನೊಮ್ಮೆ ಕೇಳಿದ್ದೆ. ವಾರಕ್ಕೊಂದು ಸಂಜೆಯಾದರೂ ನನ್ನ ಎದೆಯನ್ನು ನಾನೇ ಹೊತ್ತುಕೊಂಡಿರುವ ಕೆಲಸ ತಪ್ಪುತ್ತದಲ್ಲ ತಾಯಿ ಎಂದಿದ್ದಳು. ವಾರವಿಡೀ ಮಾತು ಬಿಟ್ಟ ಗಂಡಹೆಂಡಿರು ಶನಿವಾರ ಅಲ್ಲಿಂದ ಒಂದೇ ಕೊಡೆಯಲ್ಲಿ ಮನೆಗೆ ಹೋಗುವುದನ್ನು ನಾನೇ ನೋಡಿದ್ದೇನೆ.

ನನ್ನ ಅಕ್ಕ ವಾರಿಜ ಅಲ್ಲಿ ನಾಲ್ಕು ವರ್ಷದಿಂದ ಡ್ರಮ್ಮು ಬಾರಿಸುತ್ತಿದ್ದಳು. ಅವಳ ಬ್ಯಾಂಡಿನ ಹೆಸರು ಒಂಟಿ ಚಪ್ಪಲಿ. ಗಿಟಾರಿಗೆ ಇಬ್ಬರು, ಹಾಡುವುದಕ್ಕೆ ಒಬ್ಬ, ಡ್ರಮ್ಮಿಗೆ ಅಕ್ಕ. ಅಮ್ಮ ತೀರಿಕೊಂಡಾಗ ನನಗೆ ಮೂರು, ಅವಳಿಗೆ ಒಂಬತ್ತು. ಅಜ್ಜಿ ನಮ್ಮಿಬ್ಬರನ್ನೂ ಕಥೆ ಹೇಳಿಯೇ ಸಾಕಿದಳು. ಏಳು ಸಮುದ್ರದಾಚೆ ಗಿಳಿಯ ಹೊಟ್ಟೆಯಲ್ಲಿ ಜೀವ ಇಟ್ಟು ಬಂದ ರಾಕ್ಷಸ, ಕೂಗುವ ಕಣಿವೆಯನ್ನು ಕಿವಿಗೆ ಹತ್ತಿ ತುರುಕಿಕೊಂಡು ದಾಟಿದ ಹುಡುಗಿ, ಬಾವಿಯ ತಳದಲ್ಲಿ ಅಂಗಡಿ ಇಟ್ಟ ಸೆಟ್ಟಿ. ಅಕ್ಕ ಕೇಳಿ ಮಲಗುತ್ತಿದ್ದಳು. ನಾನು ಕೇಳಿ ಎದ್ದಿರುತ್ತಿದ್ದೆ. ಬಾಗಿಲ ಸಂದಿಯಲ್ಲಿ, ಮಡಿಕೆಯ ಹಿಂದೆ, ಎಲ್ಲೆಲ್ಲೂ ಏನೋ ಇದೆ ಎಂದು ನನಗೆ ಹೆದರಿಕೆ. ಇಪ್ಪತ್ತೆರಡು ವರ್ಷವಾದರೂ ಹಿತ್ತಲಿಗೆ ಒಬ್ಬಳೇ ಹೋಗುವಾಗ ಹಾಡಿಕೊಂಡೇ ಹೋಗುತ್ತೇನೆ.

ಕ್ಲಬ್ಬಿನಲ್ಲಿ ಇನ್ನೊಂದು ಕಟ್ಟಳೆಯಿತ್ತು. ಬಾರಿಸುವವರ ಮನೆಯವರು ಒಳಗೆ ಬರಕೂಡದು. ಹೆತ್ತವರು, ಒಡಹುಟ್ಟಿದವರು, ಗಂಡ, ಹೆಂಡತಿ ಯಾರೂ ಬರಕೂಡದು. ಬಂದದ್ದು ಗೊತ್ತಾದರೆ ಬಾರಿಸುವವರ ಕೈಯಿಂದ ಕೋಲು ಕಿತ್ತುಕೊಳ್ಳುತ್ತಾರೆ, ಮತ್ತೆ ಕೊಡುವುದಿಲ್ಲ. ಯಾಕೆ ಎಂದು ಕೇಳಿದರೆ ಅಕ್ಕ, "ಹಾಗೇ" ಎನ್ನುತ್ತಿದ್ದಳು. ಮನೆಯವರು ಮುಂದಿನ ಸಾಲಿಗೆ ಸೇರಿಕೊಳ್ಳುತ್ತಾರೆಂದು ಇರಬೇಕು, ಮುಲಾಜು ನಡೆಯಬಾರದೆಂದು ಇರಬೇಕು ಎಂದೇ ನಾನು ತಿಳಿದಿದ್ದೆ.

ಅದೇ ನನಗೆ ಸಹಿಸದ ಸಂಗತಿ. ಊರಿನಲ್ಲಿ ಎಲ್ಲಿಗೆ ಹೋದರೂ ಅಕ್ಕನ ಕೈಯ ಮಾತು. ಅಂಚೆಯವನು ಕಾಗದ ಕೊಡುತ್ತಾ, ಮೊನ್ನೆ ಶನಿವಾರ ನನ್ನ ಎದೆ ನಿಮ್ಮಕ್ಕನ ಹತ್ತಿರ ಇತ್ತು, ತುಂಬಾ ಜೋಪಾನವಾಗಿ ವಾಪಸು ಕೊಟ್ಟಳು ಎನ್ನುತ್ತಿದ್ದ. ಗಿರಣಿಯಲ್ಲಿ ಹಿಟ್ಟಿಗೆ ನಿಂತವರು, ವಾರಿಜ ಇಳಿಸುವಾಗ ಮಗುವನ್ನು ತೊಟ್ಟಿಲಿಗೆ ಹಾಕಿದ ಹಾಗಿರುತ್ತೆ ಎಂದು ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಿದ್ದರು. ಊರಿನ ಎದೆಗಳೆಲ್ಲ ಒಂದಲ್ಲ ಒಂದು ದಿನ ಅಕ್ಕನ ಕೈಯಲ್ಲಿ ಇದ್ದು ಬಂದಿದ್ದವು. ನನ್ನದೊಂದು ಬಿಟ್ಟು.

ಈ ಶನಿವಾರ ನಾನೂ ಒಳಗೆ ಹೋಗುತ್ತೇನೆ ಎಂದು ಗೆಳತಿ ಜಬೀನಾಳಿಗೆ ಹೇಳಿದೆ. ಅವಳು ಟೈಲರ್ ಅಂಗಡಿಯಲ್ಲಿ ಕಾಜಾ ಹಾಕುವವಳು. ನನ್ನ ಪುಕ್ಕಲುತನವನ್ನು ನೋಡಿ ನೋಡಿ ನಗುವುದೇ ಅವಳ ಹವ್ಯಾಸ. ಇದನ್ನು ಕೇಳಿ ಮಾತ್ರ ನಗಲಿಲ್ಲ. ನೋಡೇ, ಸಿಕ್ಕಿಬಿದ್ದರೆ ನಿಮ್ಮಕ್ಕನ ಜೀವನ ಹೋಗುತ್ತೆ ಎಂದಳು. ಸಿಕ್ಕಿಬೀಳುವುದಿಲ್ಲ ಎಂದೆ. ನನ್ನ ಬಳಿ ಒಂದು ಉಪಾಯವಿತ್ತು. ಎದೆ ಅಕ್ಕನ ಕೈಗೆ ಹೋದರೆ ತಾನೇ ತಪ್ಪು? ಅಕ್ಕನ ಸರದಿ ಬಂದಾಗ ಕಿವಿಗೆ ಹತ್ತಿ ತುರುಕಿಕೊಳ್ಳುತ್ತೇನೆ. ಡ್ರಮ್ಮು ಕಿವಿಗೆ ಬೀಳದಿದ್ದರೆ ಎದೆ ನನ್ನಲ್ಲೇ ಇರುತ್ತದೆ. ನಾನು ಬರೀ ಕಣ್ಣಿನಿಂದ ನೋಡಿ ಬರುತ್ತೇನೆ. ಕಟ್ಟಳೆಯನ್ನು ಮುರಿದ ಹಾಗೂ ಆಗುವುದಿಲ್ಲ. ಅಜ್ಜಿಯ ದೀಪದ ಬತ್ತಿಗೆ ಇಟ್ಟ ಹತ್ತಿಯಲ್ಲಿ ಎರಡು ಉಂಡೆ ಮಾಡಿ ರವಿಕೆಯೊಳಗೆ ಸೇರಿಸಿಕೊಂಡೆ. ಜಬೀನಾಳ ಮನೆಯಲ್ಲಿ ಮದರಂಗಿ ಹಾಕುತ್ತಾರೆ, ಬರುವುದು ತಡವಾಗುತ್ತದೆ ಎಂದು ಅಜ್ಜಿಗೆ ಹೇಳಿದೆ.

ಬಾಗಿಲಲ್ಲಿ ನಾಡಿ ನೋಡುವ ಚನ್ನಬಸಯ್ಯ ಸ್ಟೂಲು ಹಾಕಿಕೊಂಡು ಕುಳಿತಿದ್ದ. ಮುಖ ನೋಡುವ ಅಭ್ಯಾಸ ಅವನಿಗಿಲ್ಲ, ಮಣಿಕಟ್ಟಿನಿಂದಲೇ ಜನರ ಗುರುತು ಹಿಡಿಯುತ್ತಾನೆ. ನನ್ನ ಮಣಿಕಟ್ಟು ಅವನಿಗೆ ಹೊಸದು. ನನ್ನ ಮುಂದೆ ವಯಸ್ಸಾದ ದಂಪತಿಗಳಿದ್ದರು. ಮುದುಕನ ಕೈ ಹಿಡಿದು ಚನ್ನಬಸಯ್ಯ ತುಂಬಾ ಹೊತ್ತು ತಲೆ ಅಲ್ಲಾಡಿಸಿದ. ಇದು ಮೂರು ಬ್ಯಾಂಡಿಗೆ ಸಾಕು ಯಜಮಾನ್ರೆ, ನಾಲ್ಕನೆಯದಕ್ಕೆ ಆಗೋದಿಲ್ಲ ಎಂದು ತಮಾಷೆ ಮಾಡಿ ಒಳಗೆ ಬಿಟ್ಟ. ನನ್ನ ಸರದಿ ಬಂತು.

"ಏನಮ್ಮ, ಈಗಲೇ ಇಷ್ಟೊಂದು ಓಡ್ತಾ ಇದೆ?"

ಮೊದಲ ಸಲ, ಹೆದರಿಕೆ ಎಂದು ಜಬೀನಾ ಹೇಳಿದಳು.

"ಒಳಗೆ ಹೋಗು. ಹೋದಮೇಲೆ ಅದು ನಿನ್ನ ತಲೆನೋವಲ್ಲ."

ಒಳಗೆ ಇನ್ನೂ ಐಸಿನ ವಾಸನೆಯಿತ್ತು, ಉಪ್ಪು ಮತ್ತು ತುಕ್ಕಿನ ವಾಸನೆ. ಮಂಜುಗಡ್ಡೆಯ ಅಚ್ಚುಗಳನ್ನು ಇಳಿಬಿಡುತ್ತಿದ್ದ ತೊಟ್ಟಿಯ ಮೇಲೆ ಹಲಗೆ ಹಾಸಿ ವೇದಿಕೆ ಮಾಡಿದ್ದರು. ನಾವು ನಿಂತದ್ದು ಮಧ್ಯದ ಸಾಲಿನಲ್ಲಿ. ಬಾಗಿಲು ಮುಚ್ಚುವಾಗ ಒಂದು ನಿಟ್ಟುಸಿರಿನಂತಹ ಸದ್ದಾಯಿತು. ಹೊರಗಿನ ಊರು ಅಷ್ಟಕ್ಕೇ ನಿಂತುಹೋಯಿತು.

ಮೊದಲ ಬ್ಯಾಂಡಿನ ಹೆಸರು ತಗಡು. ಕಾಲೇಜಿನ ಹುಡುಗರು. ಡ್ರಮ್ಮಿನವನು ಕೋಲನ್ನು ಒಂದಕ್ಕೊಂದು ನಾಲ್ಕು ಸಲ ತಾಗಿಸಿದ. ಐದನೆಯದು ತೊಗಲಿನ ಮೇಲೆ ಬಿತ್ತು. ನನ್ನ ಎದೆ ಹೋಯಿತು. ಅದನ್ನು ಹೇಗೆ ಹೇಳಲಿ? ಮೆಟ್ಟಿಲು ಇದೆಯೆಂದು ಕತ್ತಲಲ್ಲಿ ಕಾಲಿಟ್ಟು, ಅಲ್ಲಿ ಮೆಟ್ಟಿಲಿಲ್ಲದಿದ್ದರೆ ಆಗುತ್ತದಲ್ಲ, ಹಾಗೆ. ಆಮೇಲೆ ಬೇರೆಲ್ಲಿಂದಲೋ ಅದು ಬಡಿಯುತ್ತಿತ್ತು, ನನ್ನೊಳಗೇ ಇದ್ದು ನನ್ನದಾಗಿರಲಿಲ್ಲ. ಸುತ್ತಲಿನವರೆಲ್ಲ ಕಣ್ಣು ಮುಚ್ಚಿ ನಗುತ್ತಿದ್ದರು, ಕುಣಿಯುತ್ತಿದ್ದರು. ಬಸ್ ಕಂಡಕ್ಟರೊಬ್ಬ ಸಮವಸ್ತ್ರದಲ್ಲೇ ಬಂದವನು ತಲೆ ಕೊಡವಿ ಕೊಡವಿ ಬೆವರಿನಲ್ಲಿ ತೊಯ್ದಿದ್ದ. ನಾನು ಮಾತ್ರ ಇವನು ಮುಗ್ಗರಿಸಿದರೆ, ಇವನಿಗೆ ಸೀನು ಬಂದರೆ, ಇವನ ಕೈಯಿಂದ ಕೋಲು ಜಾರಿದರೆ ಎಂದು ಆ ಹುಡುಗನ ಮುಖದಿಂದ ಕಣ್ಣು ಕೀಳದೆ ನಿಂತಿದ್ದೆ. ಅವನು ಇಳಿಸಿದ, ಪೆಟ್ಟು ಬಿಟ್ಟ. ನನ್ನ ಎದೆ ಮನೆ ಮರೆತ ಕರುವಿನ ಹಾಗೆ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಒಳಕ್ಕೆ ಬಂತು. ಬಂತಾ ಎಂದಳು ಜಬೀನಾ. ಬಂತು ಎಂದೆ. ಸಾಕು, ಮನೆಗೆ ಹೋಗೋಣ ಎಂದೂ ಹೇಳಿದೆ. ಮೂರೂ ಮುಗಿಯದೆ ಬಾಗಿಲು ತೆಗೆಯುವುದಿಲ್ಲ, ಗೊತ್ತಿಲ್ವಾ ಎಂದಳು.

ಎರಡನೆಯ ಬ್ಯಾಂಡಿನವರು ಇನ್ನೂ ಜೋರು. ಅದನ್ನು ಹೇಗೋ ಹಲ್ಲು ಕಚ್ಚಿ ಕಳೆದೆ. ನಂತರ ದೀಪ ಆರಿತು, ಜನ ಒಂಟಿ ಚಪ್ಪಲಿ, ಒಂಟಿ ಚಪ್ಪಲಿ ಎಂದು ಗುನುಗತೊಡಗಿದರು. ನಾನು ಕತ್ತಲಲ್ಲೇ ಹತ್ತಿ ತೆಗೆದು ಎರಡು ಕಿವಿಗೂ ಗಟ್ಟಿಯಾಗಿ ಒತ್ತಿಕೊಂಡೆ. ಗದ್ದಲ ದೂರ ಸರಿಯಿತು. ನೀರಿನಡಿಯಲ್ಲಿ ಕುಳಿತ ಹಾಗಾಯಿತು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ನನಗೆ ಸ್ವಲ್ಪ ಧೈರ್ಯ ಬಂತು.

ಅಕ್ಕ ಬಂದಳು. ಮನೆಯಲ್ಲಿ ತೊಡುವ ಅದೇ ಹಸಿರು ಚೂಡಿದಾರ, ಕೂದಲನ್ನು ಮೇಲೆ ಗಂಟು ಹಾಕಿದ್ದಳು. ಕೂತ ಮೇಲೆ ಅವಳು ನಮ್ಮಕ್ಕನಾಗಿ ಉಳಿಯಲಿಲ್ಲ. ಎರಡು ಕೈ ನಾಲ್ಕಾದವು, ಎಂಟಾದವು. ಅವಳ ಮುಖ ಮಾತ್ರ ಸೊಪ್ಪು ಸೋಸುವಾಗ ಇರುವ ಹಾಗೆ ಶಾಂತವಾಗಿತ್ತು. ಕಿವಿಗೆ ಏನೂ ಬೀಳುತ್ತಿರಲಿಲ್ಲ. ಹಾಗಾದರೆ ಉಪಾಯ ಫಲಿಸಿತು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಂಗಾಲು ಜುಮ್ಮೆಂದಿತು. ಕಾಲಿನಿಂದ ಒದೆಯುವ ದೊಡ್ಡ ಡ್ರಮ್ಮಿನ ಪೆಟ್ಟು ಹಲಗೆಯಿಂದ ನೆಲಕ್ಕೆ, ನೆಲದಿಂದ ನನ್ನ ಮೂಳೆಗೆ ಏರಿ ಬರುತ್ತಿತ್ತು. ಕಿವಿಯ ಅಪ್ಪಣೆ ಅದಕ್ಕೆ ಬೇಕಿರಲಿಲ್ಲ. ಮೆಟ್ಟಿಲಿಲ್ಲದ ಕಡೆ ನಾನು ಮತ್ತೆ ಕಾಲಿಟ್ಟಿದ್ದೆ.

ಓಡಿಸಿದಳು ಅಕ್ಕ. ಇನ್ನೂರು ಎದೆಗಳನ್ನು ಒಟ್ಟಿಗೆ ಹೊಡೆದುಕೊಂಡು ಗುಡ್ಡ ಹತ್ತಿಸಿದಳು. ಸುಳ್ಳು ಹೇಳುವುದಿಲ್ಲ, ಆ ಗುಡ್ಡದ ತುದಿಯಲ್ಲಿ ಒಂದರೆಗಳಿಗೆ ನನಗೆ ಹೆದರಿಕೆಯೇ ಇರಲಿಲ್ಲ. ನಾನು ಅಕ್ಕನ ಕೈಯಲ್ಲಿದ್ದೆ. ಮೂರು ವರ್ಷದವಳಿದ್ದಾಗ ಅವಳು ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ರೈಲು ತೋರಿಸಲು ಹೋಗುತ್ತಿದ್ದಳಂತೆ, ಹಾಗೆ.

ಆಮೇಲೆ ಅವಳ ಕೈಗಳು ನಿಧಾನವಾದವು. ಕಾಲು ದೊಡ್ಡ ಡ್ರಮ್ಮಿನಿಂದ ಹಿಂದೆ ಸರಿಯಿತು. ಸುತ್ತಲಿನ ಜನರ ಭುಜಗಳು ಮೆಲ್ಲನೆ ಇಳಿದವು. ಅಕ್ಕನ ಒಂದೇ ಕೋಲು ಸಣ್ಣ ಡ್ರಮ್ಮಿನ ಮೇಲೆ ಮುಟ್ಟಿಯೂ ಮುಟ್ಟದ ಹಾಗೆ ಆಡುವುದು ಕಾಣುತ್ತಿತ್ತು. ಕೇಳುತ್ತಿರಲಿಲ್ಲ. ನೆಲವೂ ಸುಮ್ಮನಾಗಿತ್ತು. ಅವರೆಲ್ಲ ಇಳಿಯುತ್ತಿದ್ದರು. ನಾನು ಇಳಿಯುತ್ತಿರಲಿಲ್ಲ. ನನ್ನ ಎದೆ ಗುಡ್ಡದ ತುದಿಯಲ್ಲೇ ಓಡುತ್ತಿತ್ತು. ಹತ್ತಿ ಕೀಳಬೇಕು ಎಂದು ಹೊಳೆಯುವಷ್ಟರಲ್ಲಿ, ಬೆವರಿಗೆ ಜಾರುತ್ತಿದ್ದ ಬೆರಳು ಹತ್ತಿಯನ್ನು ಇನ್ನೂ ಒಳಕ್ಕೆ ತಳ್ಳಿತು. ಅಕ್ಕ ಪೆಟ್ಟು ಬಿಟ್ಟಳು. ದೀಪ ಹತ್ತಿತು.

ಜಬೀನಾಳ ತುಟಿ ಅಲ್ಲಾಡಿತು. ಬಂತಾ ಎಂದು ಕೇಳುತ್ತಿದ್ದಾಳೆ. ವೇದಿಕೆಯ ಮೇಲೆ ಅಕ್ಕ ಕೋಲುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೈಗಳು ಏಳುವುದನ್ನೇ ಕಾಯುತ್ತಾ ಕುಳಿತಿದ್ದಳು. ಪರಮೇಶಿಯ ಅರ್ಧ ಬೋಳಿಸಿದ ಮುಖ ನನ್ನ ಕಣ್ಣ ಮುಂದೆ ಬಂತು. ಅಕ್ಕನ ಕೈಯಿಂದ ಕೋಲು ಕಿತ್ತುಕೊಳ್ಳುವುದೂ ಬಂತು.

"ಬಂತು" ಎಂದೆ.

ಜಬೀನಾ ಆಚೆ ತಿರುಗಿದವಳು ಮತ್ತೆ ತಿರುಗಿದಳು. ನನ್ನ ಕತ್ತಿನ ನರವನ್ನೇ ನೋಡಿದಳು. ಮಣಿಕಟ್ಟು ಹಿಡಿದುಕೊಂಡಳು, ಆಮೇಲೆ ನನ್ನ ಕಿವಿಗೆ ಎರಡು ಬೆರಳು ಹಾಕಿ ಹತ್ತಿಯನ್ನು ಎಳೆದು ತೆಗೆದಳು.

"ನಿಂದು ಬಂದಿಲ್ಲ ಕಣೇ."

"ಸುಮ್ನಿರು ಜಬೀ. ಅಕ್ಕಂಗೆ ಗೊತ್ತಾದ್ರೆ..."

"ನೀನು ಸತ್ರೆ ಗೊತ್ತಾಗಲ್ವಾ?"

ಅವಳು ಪಕ್ಕದವರಿಗೆ ಇಲ್ಲ ಎಂದಳು. ನಮ್ಮ ಸಾಲಿನ ಕೊನೆಯಲ್ಲಿದ್ದವನು ಎತ್ತಿದ ಕೈಯನ್ನು ಇಳಿಸಿದ. ಇನ್ನೊಂದಿದೆ ಎಂಬ ಮಾತು ಬಾಯಿಂದ ಬಾಯಿಗೆ ಬಾಗಿಲ ತನಕ ಹೋಯಿತು. ಲೂರ್ದಮ್ಮ ಅಗಳಿಯಿಂದ ಕೈ ತೆಗೆದು ಮೈಕಿನ ಬಳಿ ಬಂದಳು. ದಪ್ಪ ಕನ್ನಡಕದ, ಸಣ್ಣ ದನಿಯ ಹೆಂಗಸು. ಒಂದು ಎದೆ ಮೇಲೆಯೇ ಉಳಿದಿದೆ, ತರಬೇಕಾಗಿದೆ, ಎಲ್ಲರೂ ಕೂತುಕೊಳ್ಳಿ ಎಂದಳು.

ತರುವುದೆಂದರೆ ಒಂದೇ ದಾರಿ. ಬಾರಿಸುವವರು ಮತ್ತೆ ಆ ಎತ್ತರಕ್ಕೇ ಹೋಗಿ, ಓಡುತ್ತಿರುವುದನ್ನು ಹಿಡಿದು, ಜೊತೆಗೇ ಇಳಿದು ಬರಬೇಕು. ಒಬ್ಬರನ್ನೇ ಹತ್ತಿಸಲು ಬರುವುದಿಲ್ಲ. ಡ್ರಮ್ಮು ಶುರುವಾದರೆ ಒಳಗಿರುವ ಇನ್ನೂರು ಜನವೂ ಹತ್ತಲೇಬೇಕು, ಆಗಲೇ ಮೂರು ಸಲ ಹತ್ತಿ ಇಳಿದವರು. ಸಭೆಯಲ್ಲಿ ಗೊಣಗಾಟ ಎದ್ದಿತು. ಯಾರದೋ ತಪ್ಪಿಗೆ ನಾವ್ಯಾಕೆ ಎಂದರು. ಕಂಡಕ್ಟರು, "ಬೆಳಿಗ್ಗೆ ಆರಕ್ಕೆ ನಂಗೆ ಡ್ಯೂಟಿ ಇದೆ ಕಣ್ರಿ" ಎಂದ. ಅವನ ಹಿಂದಿದ್ದ ಹೆಂಗಸು, ಆ ಹುಡುಗಿಗೂ ಬೆಳಿಗ್ಗೆ ಇರಲಿ ಅಂತ ತಾನೇ ಎಂದಳು. ಅವನು ಟೋಪಿ ತೆಗೆದು ನೆಲದ ಮೇಲೆ ಕೂತ. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಬಾಗಿಲಲ್ಲಿ ನನ್ನ ಮುಂದೆ ನಿಂತಿದ್ದ ಮುದುಕ ಮಾತ್ರ ನಿಂತೇ ಇದ್ದ. ಅವನ ಹೆಂಡತಿ ನನ್ನ ಕಡೆ ನೋಡಿದಳು. ಮುದುಕ ಅಂಗಿಯ ಎರಡು ಗುಂಡಿ ಬಿಚ್ಚಿ, ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿ, ಹತ್ತಿಸಲಿ ಬಿಡು ಎಂದ.

ನನ್ನನ್ನು ವೇದಿಕೆಗೆ ಕರೆದೊಯ್ದರು. ಎದುರಿನ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ ಅಕ್ಕನಿಗೆ, ಎರಡು ಹೆಜ್ಜೆ ದೂರಕ್ಕೆ ಬರುವವರೆಗೂ ನಾನು ಯಾರೋ ಆಗಿದ್ದೆ. ಆಮೇಲೆ ನಾನಾದೆ. ಸೊಪ್ಪು ಸೋಸುವಾಗಿನ ಆ ಮುಖ ಅವಳದಾಗಿ ಉಳಿಯಲಿಲ್ಲ. ಲೂರ್ದಮ್ಮನಿಗೂ ಗುರುತು ಸಿಕ್ಕಿತು.

"ಇವಳು ನಿನ್ನ ತಂಗಿ ಅಲ್ವಾ ವಾರಿಜಾ?"

"ಹೌದು."

"ಬೇರೆಯವರನ್ನ ಕೂರಿಸ್ಲಾ?"

"ಅವಳದು ನನ್ನ ಕೈಲಿದೆ ಅಮ್ಮ. ಬೇರೆ ಕೈಗೆ ಬರಲ್ಲ."

ನನ್ನನ್ನು ಡ್ರಮ್ಮಿನ ಪಕ್ಕದಲ್ಲೇ, ಅಕ್ಕನ ಮೊಣಕಾಲು ತಾಗುವಷ್ಟು ಹತ್ತಿರ ಕೂರಿಸಿದರು. ನನಗೆ ಆಗಲೇ ಉಸಿರು ಸಿಗುತ್ತಿರಲಿಲ್ಲ. ಬೆರಳ ತುದಿಗಳು ನೀಲಿಯಾಗಿದ್ದವು. ಅಕ್ಕಾ, ತಪ್ಪಾಯ್ತು ಎನ್ನಲು ಹೋದೆ. ಅಕ್ಕ ನನ್ನ ಕಡೆ ನೋಡಲಿಲ್ಲ. ಕೋಲುಗಳನ್ನು ಎತ್ತಿದಳು.

ಆ ನಾಲ್ಕನೆಯ ಹತ್ತುವಿಕೆಯಲ್ಲಿ ಗಿಟಾರು ಇರಲಿಲ್ಲ, ಹಾಡು ಇರಲಿಲ್ಲ. ಬರಿಯ ಡ್ರಮ್ಮು, ಮತ್ತು ಇನ್ನೂರು ಜನ ಬಾಯಿ ತೆರೆದು ಉಸಿರೆಳೆಯುವ ಸದ್ದು. ಯಾರೂ ನಗುತ್ತಿರಲಿಲ್ಲ. ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಹೊಳೆ ದಾಟುವವರ ಹಾಗೆ ಕುಳಿತಿದ್ದರು. ನನಗಾಗಿ ಅವರೆಲ್ಲ ಓಡುತ್ತಿದ್ದರು. ಮೇಲೆ, ಇನ್ನೂ ಮೇಲೆ. ಅಕ್ಕ ತಲೆ ಒಂದು ಕಡೆಗೆ ವಾಲಿಸಿ ಏನನ್ನೋ ಹುಡುಕುತ್ತಿದ್ದಳು. ಒಂದು ಪೆಟ್ಟು ನನ್ನ ಎದೆಯ ಸ್ವಲ್ಪ ಮುಂದೆ ಬಿತ್ತು, ಇನ್ನೊಂದು ಸ್ವಲ್ಪ ಹಿಂದೆ. ಆಮೇಲೆ ಸರಿಯಾಗಿ ಅದರ ಮೇಲೆಯೇ ಬಿತ್ತು. ಕಳಚಿದ ಕೊಕ್ಕೆ ಕೂತ ಹಾಗೆ ನನಗೆ ಗೊತ್ತಾಯಿತು. ಅವಳಿಗೂ ಗೊತ್ತಾಯಿತು. ಇಳಿಸತೊಡಗಿದಳು.

ತೊಟ್ಟಿಲಿನ ಮಾತು ಸುಳ್ಳಲ್ಲ. ಈಗ ನನ್ನ ಕಿವಿ ತೆರೆದಿತ್ತು, ಎಲ್ಲ ಕೇಳಿದೆ. ಓಟ ಹೋಗಿ ಬಿರುಸು ನಡಿಗೆಯಾಯಿತು, ಬಿರುಸು ಹೋಗಿ ನಡಿಗೆಯಾಯಿತು, ನಡಿಗೆ ಹೋಗಿ ಬಾಗಿಲಲ್ಲಿ ಚಪ್ಪಲಿ ಬಿಡುವವರ ಹೆಜ್ಜೆಯಾಯಿತು. ಒಂದೇ ಕೋಲು, ಸಣ್ಣ ಡ್ರಮ್ಮು. ಸಭೆಯೆಲ್ಲ ತಲೆಯೆತ್ತಿ ಆ ಕೋಲನ್ನೇ ನೋಡುತ್ತಿತ್ತು. ಈಗ ಬಿಡಬೇಕು.

ಅಕ್ಕ ಬಿಡಲಿಲ್ಲ.

ಅವಳ ತುಟಿ ಎಣಿಸುತ್ತಿತ್ತು. ಹದಿನಾಲ್ಕು, ಹದಿನೈದು, ಹದಿನಾರು. ಹದಿನಾರಕ್ಕೆ ಬಿಡುವುದು ಅವಳ ಅಭ್ಯಾಸ. ಹದಿನಾರೂ ಬಿತ್ತು, ಅದರ ಮುಂದಿನದೂ ಬಿತ್ತು. ಮತ್ತೆ ಒಂದರಿಂದ ಎಣಿಸಿದಳು, ಮತ್ತೆ ಬಿತ್ತು. ಬಿಡು ವಾರಿಜಾ ಎಂದಳು ಲೂರ್ದಮ್ಮ. "ಬಿಡ್ತೀನಿ" ಎಂದಳು ಅಕ್ಕ. ಬಿಡಲಿಲ್ಲ. ಇನ್ನೂರು ಪರರ ಎದೆಯ ಮೇಲೆ ನಾಲ್ಕು ವರ್ಷ, ಪ್ರತಿ ಶನಿವಾರ, ಕಣ್ಣು ಮಿಟುಕಿಸದೆ ಪೆಟ್ಟು ಬಿಟ್ಟವಳು. ಆ ಖಾಲಿ ಜಾಗದಲ್ಲಿ ನನ್ನ ಎದೆ ತಾನೇ ಹೆಜ್ಜೆಯಿಡದೆ ಹೋದರೆ? ಬಡಿಯುತ್ತಿರುವವರೆಗೆ ನಾನು ಇರುತ್ತೇನೆ, ಅಷ್ಟು ಅವಳಿಗೆ ಖಾತ್ರಿ. ಬಿಟ್ಟ ಮೇಲಿನದಕ್ಕೆ ಖಾತ್ರಿ ಕೊಡುವವರು ಯಾರು? ಮನೆಯವರು ಯಾಕೆ ಬರಬಾರದು ಎಂಬುದು ನನಗೆ ಅಲ್ಲಿ ಕೂತು ಅರ್ಥವಾಯಿತು.

ಎಷ್ಟು ಹೊತ್ತು ಹಾಗೆ ಹೋಯಿತೋ. ಅಕ್ಕನ ಮುಂಗೈ ಸೋಲತೊಡಗಿತು. ಒಂದು ಪೆಟ್ಟು ತಡವಾಗಿ ಬಿತ್ತು. ಸಭೆಯೆಲ್ಲ ಒಟ್ಟಿಗೆ ಒಂದು ಸಲ ಮುಗ್ಗರಿಸಿತು. ಇನ್ನೊಂದು ಪೆಟ್ಟು ಬೇಗ ಬಿತ್ತು, ಮುಂದಿನದು ಅರ್ಧ ಬಿತ್ತು. ಮಲಗಿದ್ದ ಮುದುಕನ ಕಾಲು ನೆಲವನ್ನು ಒದ್ದುಕೊಂಡಿತು. "ಅಮ್ಮಾ, ಇವರ ತುಟಿ ನೋಡಿ" ಎಂದು ಅವನ ಹೆಂಡತಿ ಯಾರಿಗೋ ಹೇಳಿದಳು. ಕಂಡಕ್ಟರು ಗೋಡೆಗೆ ಒರಗಿ ಬಾಯಿ ಬಾಯಿ ಬಿಡುತ್ತಿದ್ದ. ಜಬೀನಾ ಎದ್ದು ನಿಂತಳು, ನಿಲ್ಲಲಾರದೆ ಕೂತಳು. ಅಕ್ಕ ಈಗ ಎಣಿಸುತ್ತಲೂ ಇರಲಿಲ್ಲ. ನಳೀ, ನಳೀ, ನಳೀ ಎಂದು ನನ್ನ ಹೆಸರನ್ನೇ ಹೇಳುತ್ತಿದ್ದಳು, ಪೆಟ್ಟಿಗೊಂದು ಸಲ.

ನನಗೆ ಹುಟ್ಟಿದಾಗಿನಿಂದ ಎಲ್ಲದರ ಭಯ ಎಂದೆನಲ್ಲ. ಅಷ್ಟೂ ಭಯಗಳನ್ನು ಒಟ್ಟಿಗೆ ಕಟ್ಟಿದರೂ ಆ ಕ್ಷಣದ್ದಕ್ಕೆ ಸಮವಾಗುವುದಿಲ್ಲ. ಕೈ ಚಾಚಿದೆ. ಕೋಲು ಕೆಳಗೆ ಬರುತ್ತಿತ್ತು. ಅಕ್ಕನ ಮಣಿಕಟ್ಟನ್ನು ಹಿಡಿದುಬಿಟ್ಟೆ.

ಕೋಲು ತೊಗಲಿನಿಂದ ಒಂದು ಬೆರಳಿನಷ್ಟು ಮೇಲೆ ನಿಂತಿತು.

ನನ್ನ ಬೆರಳಿನ ಕೆಳಗೆ ಅವಳ ನಾಡಿ ಹುಚ್ಚಾಗಿ ಓಡುತ್ತಿತ್ತು. ಆ ಕಟ್ಟಡದಲ್ಲಿ ಆಗ ಓಡುತ್ತಿದ್ದದ್ದು ಅದೊಂದೇ. ಉಳಿದದ್ದೆಲ್ಲ ನಿಂತಿತ್ತು. ಎದೆಯೊಳಗೆ ಪಾತ್ರೆ ತೊಳೆದು ಬೋರಲು ಹಾಕಿದ ಹಾಗಿತ್ತು. ಅಕ್ಕ ಆಗ ನೋಡಿದಷ್ಟು ದ್ವೇಷದಿಂದ ಯಾರೂ ನನ್ನನ್ನು ನೋಡಿರಲಿಲ್ಲ, ಅಷ್ಟು ಪ್ರೀತಿಯಿಂದಲೂ. ಅಕ್ಕ ಕೈ ಬಿಡಿಸಿಕೊಳ್ಳಲು ಎಳೆದಳು. ನಾನು ಬಿಡಲಿಲ್ಲ. ಕೆಳಗೆ ಎಲ್ಲೋ ಒಬ್ಬರು ಬಂತು ಎಂದರು. ಇನ್ನೊಬ್ಬರು ಅಂದರು. ಆಮೇಲೆ ಸಾಲುಸಾಲಾಗಿ, ಸೂರಿನಿಂದ ಹನಿ ಬಿದ್ದ ಹಾಗೆ, ಬಂತು, ಬಂತು, ಬಂತು. ಮುದುಕನ ಹೆಂಡತಿ ಅವನ ಎದೆಗೆ ಕಿವಿಯಿಟ್ಟು ತುಂಬಾ ಹೊತ್ತು ಇದ್ದು, ಅವನ ಪರವಾಗಿ ತಾನೇ ಬಂತು ಎಂದಳು. ನನ್ನದು ಮಾತ್ರ ಇನ್ನೂ ಎಲ್ಲೂ ಇರಲಿಲ್ಲ. ಕಣ್ಣಿನ ಅಂಚುಗಳು ಕಪ್ಪಾಗುತ್ತಾ ಬಂದವು. ಆ ಕಪ್ಪಿನ ನಡುವೆ ಅಕ್ಕನ ಮುಖ ಮೂಗುಬೊಟ್ಟಿನಷ್ಟಾಯಿತು.

ಆಗ ಒಂದು ಬಿತ್ತು. ಯಾರೂ ಹೇಳಿಕೊಡದ, ಸೊಟ್ಟ, ಅಡ್ಡಾದಿಡ್ಡಿ ಪೆಟ್ಟು. ಅದರ ಹಿಂದೆ, ಬರಲೋ ಬೇಡವೋ ಎಂದು ಯೋಚಿಸಿಕೊಂಡು, ಇನ್ನೊಂದು ಬಿತ್ತು.

ಮಣಿಕಟ್ಟು ಬಿಟ್ಟೆ. ಲೂರ್ದಮ್ಮ ಅಕ್ಕನ ಮುಂದೆ ಬಂದು ಕೈ ಚಾಚಿ ನಿಂತಿದ್ದಳು. ಅವಳ ಕನ್ನಡಕ ಒದ್ದೆಯಾಗಿತ್ತು, ಆದರೂ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಅಕ್ಕ ಎರಡೂ ಕೋಲುಗಳನ್ನು ಜೋಡಿಸಿ, ಅವಳ ಅಂಗೈಯಲ್ಲಿ ಸದ್ದಾಗದಂತೆ ಇಟ್ಟಳು. ಸಭೆಯಲ್ಲಿ ಯಾರೂ ಏಳಲಿಲ್ಲ. ಬಾಗಿಲು ತೆಗೆದರೂ ಏಳಲಿಲ್ಲ. ಹೊರಗಿನಿಂದ ಗೂಡ್ಸ್ ಶೆಡ್ಡಿನ ಕಡೆಯ ಗಾಳಿ ಒಳಕ್ಕೆ ಬಂತು.

ಅಕ್ಕ ತನ್ನ ಬರಿದಾದ ಕೈಗಳನ್ನು ಒಂದು ಕ್ಷಣ ನೋಡಿಕೊಂಡಳು. ಆಮೇಲೆ ನನ್ನ ಕೆನ್ನೆಗೆ ಒಂದು ಬಾರಿಸಿದಳು, ಇಡೀ ಐಸ್ ಫ್ಯಾಕ್ಟರಿಗೆ ಕೇಳಿಸುವ ಹಾಗೆ. ಯಾರ ಎದೆಯೂ ಅದರ ಹಿಂದೆ ಹೋಗಲಿಲ್ಲ. ನನ್ನದೊಂದು ಮಾತ್ರ, ಇದ್ದಲ್ಲಿಯೇ, ತನ್ನಷ್ಟಕ್ಕೆ ತಾನು ಹೆದರಿ ಹಾರಿಬಿದ್ದಿತು.